ಗೌರವಪ್ರತಿಯ ಋಣ

ಅಂಗಡಿಯಲ್ಲಿ ಪುಸ್ತಕವನ್ನು ಕೊಂಡವನಿಗೆ ಅದನ್ನು ಓದದೆ ಬಿಡುವ ಸ್ವಾತಂತ್ರ್ಯವುಂಟು. ಅವನು ಬೆಲೆಯನ್ನು ತೆತ್ತಿದ್ದಾನೆ. ಅಲ್ಲಿಗೆ ಋಣ ತೀರಿತು. ಆದರೆ ಬರೆದವರೇ ನಮ್ಮ ಬಾಗಿಲಿಗೆ ಬಂದು, ಮೊದಲ ಪುಟದಲ್ಲಿ ನಮ್ಮ ಹೆಸರನ್ನು ಬರೆದು, ಅದರ ಕೆಳಗೆ ತಮ್ಮ ರುಜುವನ್ನು ಹಾಕಿ, ಎರಡು ಕೈಗಳಿಂದ ನೀಡಿದ ಪುಸ್ತಕದ ವಿಷಯದಲ್ಲಿ ಆ ಸ್ವಾತಂತ್ರ್ಯ ನಮಗೆ ಉಳಿದಿರುತ್ತದೆಯೆ? ಅಂತಹ ಪುಸ್ತಕಕ್ಕೆ ನಾವು ಗೌರವಪ್ರತಿ ಎಂದು ಹೆಸರಿಟ್ಟಿದ್ದೇವೆ. ಗೌರವವು ಯಾರಿಂದ ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಮಾತ್ರ ಆ ಹೆಸರು ಹೇಳುವುದಿಲ್ಲ. ಕೊಟ್ಟವರು ನಮ್ಮನ್ನು ಓದುಗರೆಂದು ಎಣಿಸಿ ಗೌರವಿಸಿದರು, ಸರಿ. ಅದಕ್ಕೆ ಪ್ರತಿಯಾಗಿ ನಮ್ಮಿಂದ ಸಲ್ಲಬೇಕಾದುದು ಯಾವುದು? ಹೊಗಳಿಕೆಯೆ, ಸತ್ಯವೆ, ಅಥವಾ ಸೌಜನ್ಯದ ಮೌನವೆ?

ಈ ಪ್ರಶ್ನೆಯನ್ನು ನಾನು ವಿನೋದಕ್ಕಾಗಿ ಎತ್ತಿದವನಲ್ಲ. ಕಳೆದ ಒಂದು ವರ್ಷದಲ್ಲಿ ಮೂರು ಗೌರವಪ್ರತಿಗಳು ನನ್ನ ಮೇಜಿಗೆ ಬಂದವು. ಒಂದು, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಕಾದಂಬರಿ. ಇನ್ನೊಂದು, ಮೂವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯೊಬ್ಬರು ಬರೆದ ಆತ್ಮಕಥೆ. ಮೂರನೆಯದು, ಕಾಲೇಜು ಮುಗಿಸಿ ಕೆಲಸವನ್ನು ಹುಡುಕುತ್ತಿರುವ ತರುಣನೊಬ್ಬನ ಕವನಸಂಗ್ರಹ. ಮೂವರೂ ಕಾಸರಗೋಡಿನ ಕನ್ನಡಿಗರು. ಮೂವರಿಗೂ ಪ್ರಕಾಶಕರಿಲ್ಲ, ತಮ್ಮ ಹಣದಿಂದಲೇ ಅಚ್ಚುಮಾಡಿಸಿ, ತಾವೇ ಕೈಚೀಲದಲ್ಲಿ ಹೊತ್ತು ತಿರುಗಿದವರು. ಈ ಮೂರು ಪುಸ್ತಕಗಳ ವಿಷಯದಲ್ಲಿ ನಾನು ಮೂರು ಬಗೆಯಾಗಿ ನಡೆದುಕೊಂಡೆ. ಒಂದರಲ್ಲಿ ಸುಳ್ಳಾಡಿದೆ, ಒಂದರಲ್ಲಿ ಸತ್ಯವನ್ನು ಹೇಳಿ ನೋಯಿಸಿದೆ, ಒಂದರಲ್ಲಿ ಮಾತ್ರ ಸರಿಯಾಗಿ ನಡೆದೆನೇನೋ ಎಂದು ಅನಿಸುತ್ತದೆ. ಆದುದರಿಂದ ಈ ಬರಹವನ್ನು ಉಪದೇಶವೆಂದಲ್ಲ, ಲೆಕ್ಕ ಒಪ್ಪಿಸುವಿಕೆಯೆಂದು ವಾಚಕರು ಭಾವಿಸಬೇಕು.

ಸ್ವಂತ ಖರ್ಚಿನಲ್ಲಿ ಅಚ್ಚಾದ ಪುಸ್ತಕವೆಂದರೆ ಮೂಗುಮುರಿಯುವವರು ನಮ್ಮಲ್ಲಿ ಇದ್ದಾರೆ. ಪ್ರಕಾಶಕನು ಒಪ್ಪದ ಬರಹವಷ್ಟೆ ಹೀಗೆ ಹೊರಬರುವುದು ಎಂಬುದು ಅವರ ಎಣಿಕೆ. ಕನ್ನಡದ ಚರಿತ್ರೆಯನ್ನು ಬಲ್ಲವರು ಹೀಗೆ ಹೇಳಲಾರರು. ಗಳಗನಾಥರು (1869–1942) ನಮ್ಮಂತೆಯೇ ಶಾಲಾಮಾಸ್ತರರಾಗಿದ್ದವರು. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಓದುವ ಅಭ್ಯಾಸವಿಲ್ಲದ ಕಡೆಯಲ್ಲಿ ಓದುಗರನ್ನು ಉಂಟುಮಾಡಿದರು. ಜಿ. ಪಿ. ರಾಜರತ್ನಂ ಅವರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಮಾರಿದರು. ನಮ್ಮ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ನಂಜನಗೂಡು ತಿರುಮಲಾಂಬಾ ಅವರು 1910ರ ದಶಕದಲ್ಲಿ, ಹೆಂಗಸು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ ತಮ್ಮ ಕಾದಂಬರಿಗಳನ್ನು ಹೊರತಂದರು. ಇವರೆಲ್ಲ ಮತ್ತೊಬ್ಬರ ಒಪ್ಪಿಗೆಗಾಗಿ ಕಾದು ಕುಳಿತಿದ್ದರೆ ಕನ್ನಡದ ನಷ್ಟವೆಷ್ಟೆಂದು ಹೇಳಬೇಕಾದುದಿಲ್ಲ.

ಹಾಗೆಂದು ಸ್ವಂತ ಖರ್ಚಿನ ಪುಸ್ತಕವೆಲ್ಲ ಹಿರಿದೆಂದು ವಾದಿಸುವುದೂ ಅಷ್ಟೇ ತಪ್ಪು. ಅಮೆರಿಕದ ಥೋರೋ 1849ರಲ್ಲಿ ತನ್ನ ಮೊದಲ ಪುಸ್ತಕದ 1000 ಪ್ರತಿಗಳನ್ನು ತನ್ನ ಹೊಣೆಯಲ್ಲಿಯೇ ಅಚ್ಚುಮಾಡಿಸಿದನು. 1853ರಲ್ಲಿ 706 ಪ್ರತಿಗಳು ಮಾರಾಟವಾಗದೆ ಅವನ ಮನೆಗೆ ಹಿಂದಿರುಗಿದವು. ಮರುವರ್ಷವೇ ಅವನ ‘ವಾಲ್ಡನ್’ ಪ್ರಕಟವಾಯಿತು. ಈ ಸಂಗತಿಯನ್ನು ನಮ್ಮ ಲೇಖಕಮಿತ್ರರು ಸಮಾಧಾನಕ್ಕಾಗಿ ಆಗಾಗ ನೆನೆಯುವುದುಂಟು. ಆದರೆ ಅಟ್ಟದ ಮೇಲೆ ಉಳಿದ ಪ್ರತಿಗಳೆಲ್ಲ ಥೋರೋವಿನ ಪ್ರತಿಗಳಲ್ಲ. ಅದೇ ದೇಶದ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ಕವಿತೆಗಳನ್ನು ಸ್ವಂತ ಖರ್ಚಿನಿಂದ ಪ್ರಕಟಿಸಿ, ಹೆಸರು ಹಾಕದೆ ತನ್ನ ಪುಸ್ತಕವನ್ನು ತಾನೇ ಹೊಗಳಿ ಪತ್ರಿಕೆಗಳಲ್ಲಿ ಬರೆದನು. ಅವನು ಮಹಾಕವಿಯೆಂಬುದು ನಿಜ. ಆ ವಿಮರ್ಶೆಗಳು ಪ್ರಾಮಾಣಿಕವಲ್ಲವೆಂಬುದೂ ನಿಜ. ಪುಸ್ತಕವು ಹೇಗೆ ಅಚ್ಚಾಯಿತು, ಎಷ್ಟು ಮಾರಾಟವಾಯಿತು ಎಂಬುದರಿಂದ ಅದರ ಯೋಗ್ಯತೆ ತಿಳಿಯುವುದಿಲ್ಲ. ಅದನ್ನು ತಿಳಿಯುವುದಕ್ಕೆ ಇರುವ ದಾರಿ ಒಂದೇ: ಓದುವುದು.

ಆದರೂ ಸ್ವತಂತ್ರ ಲೇಖಕರಿಗೆ ಇಲ್ಲದುದು ಒಂದುಂಟು. ಅಚ್ಚಿನ ಸೌಕರ್ಯವು ಈಗ ಅವರಿಗೆ ಕೊರತೆಯಲ್ಲ. ಗಣಕಯಂತ್ರವು ಬಂದ ಮೇಲೆ ಐವತ್ತು ಪ್ರತಿಗಳು ಬೇಕೆಂದರೆ ಐವತ್ತನ್ನೇ ಅಚ್ಚುಮಾಡಿಸಬಹುದು. ಪುಸ್ತಕದ ಬೆನ್ನಿಗೆ ಹಾಕುವ 13 ಅಂಕೆಗಳ ಅಂತಾರಾಷ್ಟ್ರೀಯ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರಕಾರವು ಲೇಖಕರಿಗೂ ಉಚಿತವಾಗಿಯೇ ಕೊಡುತ್ತದೆ. ಅವರಿಗೆ ಇಲ್ಲದುದು, ಅಚ್ಚಿಗೆ ಹೋಗುವ ಮುನ್ನ ‘ಇದು ಬೇಡ’ ಎಂದು ಹೇಳುವ ಒಬ್ಬ ಮನುಷ್ಯ. ಒಳ್ಳೆಯ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕನೊಬ್ಬನಿರುತ್ತಾನೆ. ಹಸ್ತಪ್ರತಿಯನ್ನು ಅವನು ಓದುತ್ತಾನೆ. ಈ ಅಧ್ಯಾಯವು ಹೆಚ್ಚಾಯಿತು, ಈ ಪಾತ್ರವು ಎಲ್ಲಿ ಹೋಯಿತು, ಈ ಸಾಲು ಬೇರೆಯವರದಲ್ಲವೆ ಎಂದು ಕೇಳುತ್ತಾನೆ. ಅದಕ್ಕಾಗಿಯೇ ಅವನಿಗೆ ಸಂಬಳ. ಸ್ವತಂತ್ರ ಲೇಖಕನಿಗೆ ಅವನ ಬದಲು ಇರುವವರು ಸ್ನೇಹಿತರು, ಸಹೋದ್ಯೋಗಿಗಳು, ನೆರೆಹೊರೆಯವರು. ಅಂದರೆ ಗೌರವಪ್ರತಿಯನ್ನು ಪಡೆಯುವ ನಾವೇ. ಪ್ರಕಾಶಕನಿಲ್ಲದ ಪುಸ್ತಕಕ್ಕೆ ಓದುಗನೇ ಆ ಸ್ಥಾನದಲ್ಲಿ ನಿಲ್ಲಬೇಕಾಗಿದೆ. ಸಂಬಳವಿಲ್ಲದ ಈ ಕೆಲಸವನ್ನು ನಾವು ಹೇಗೆ ಮಾಡುತ್ತಿದ್ದೇವೆ?

ಕಾಸರಗೋಡಿನ ನಮಗೆ ಇದರಲ್ಲಿ ಇನ್ನೊಂದು ಕಷ್ಟವೂ ಸೇರಿಕೊಂಡಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ನಾಡು ಕೇರಳಕ್ಕೆ ಸೇರಿದಂದಿನಿಂದ, ಕನ್ನಡದಲ್ಲಿ ಬರೆಯುವುದೇ ಇಲ್ಲಿ ಒಂದು ಸೇವೆಯೆಂದು ನಾವು ತಿಳಿದಿದ್ದೇವೆ. ತರಗತಿಗೆ ಮಕ್ಕಳನ್ನು ಕೂಡಿಸುವುದಕ್ಕಾಗಿ ಮನೆಮನೆಗೆ ಅಲೆಯುವ ಅಧ್ಯಾಪಕರಿಗೆ ಈ ಭಾವನೆಯನ್ನು ವಿವರಿಸಬೇಕಾಗಿಲ್ಲ. ಹೀಗಿರುವಾಗ ಕನ್ನಡದಲ್ಲಿ ಒಂದು ಹೊಸ ಪುಸ್ತಕ ಬಂದರೆ ಅದು ನಮಗೆ ಮನೆಯಲ್ಲಿ ಮಗು ಹುಟ್ಟಿದಂತೆ. ಹುಟ್ಟಿದ ಮನೆಯಲ್ಲಿ ಮಗುವಿನ ಮೂಗು ಸೊಟ್ಟವೆಂದು ಯಾರೂ ಹೇಳುವುದಿಲ್ಲ. ‘ಈ ಕಾಲದಲ್ಲಿ, ಈ ಜಾಗದಲ್ಲಿ, ಕನ್ನಡದಲ್ಲಿ ಬರೆದಿದ್ದಾರಲ್ಲ’ ಎಂಬ ಒಂದು ಮಾತು ನಮ್ಮ ಸಭೆಗಳಲ್ಲಿ ಎಲ್ಲ ವಿಮರ್ಶೆಯ ಬಾಯನ್ನೂ ಮುಚ್ಚಿಸುತ್ತದೆ. ಆ ಮಾತಿನೊಳಗೆ ಅಡಗಿರುವ ತಾತ್ಸಾರವನ್ನು ನಾನು ಬಹುಕಾಲ ಕಂಡಿರಲಿಲ್ಲ. ಕಾಣಿಸಿಕೊಟ್ಟವಳು ಏಳನೆಯ ತರಗತಿಯ ಒಬ್ಬ ಹುಡುಗಿ.

ಮುಖ್ಯೋಪಾಧ್ಯಾಯರ ಕಾದಂಬರಿಯು ಸಂಘದ ಸಭಾಂಗಣದಲ್ಲಿ ಬಿಡುಗಡೆಯಾಯಿತು. ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ತೆಗೆದು ಅವರು 300 ಪ್ರತಿಗಳನ್ನು ಅಚ್ಚುಮಾಡಿಸಿದ್ದರು. ಮಾತನಾಡಲು ಐವರಿದ್ದೆವು, ನಾನೂ ಒಬ್ಬ. ಪುಸ್ತಕವು ಇಪ್ಪತ್ತು ದಿವಸ ಮೊದಲೇ ನನ್ನ ಕೈಗೆ ಬಂದಿತ್ತು. ಪರೀಕ್ಷೆಯ ದಿನಗಳು; ನಾನು ಮುನ್ನುಡಿ, ಮೊದಲ ಅಧ್ಯಾಯ, ಕೊನೆಯ ಎರಡು ಪುಟಗಳು, ಇಷ್ಟನ್ನು ಓದಿ ವೇದಿಕೆಯನ್ನು ಏರಿದೆನು. ಹದಿನೈದು ನಿಮಿಷ ಮಾತನಾಡಿದೆನು. ‘ಕಥೆಯ ಎಳೆಯು ಎಲ್ಲಿಯೂ ಕಡಿಯದೆ ಸಾಗಿದೆ’ ಎಂದು ನಾನು ಹೇಳಿದಾಗ ಸಭೆಯು ಚಪ್ಪಾಳೆ ತಟ್ಟಿತು. ಲೇಖಕರು ಕೈಮುಗಿದರು.

ಪುಸ್ತಕದ ಎರಡು ಪ್ರತಿಗಳನ್ನು ಅವರು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಮೂರು ವಾರಗಳ ಬಳಿಕ ಆ ಹುಡುಗಿ ಪುಸ್ತಕವನ್ನು ಹಿಡಿದುಕೊಂಡು ಬಂದಳು. ‘ಸರ್, ಇದರಲ್ಲಿ ಅಜ್ಜಿ ತೀರಿಕೊಂಡದ್ದು ಯಾವಾಗ?’ ಎಂದಳು. ನಾನು ತಡವರಿಸಿದೆನು. ‘ಎಂಬತ್ತನೆಯ ಪುಟದಲ್ಲಿ ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಆಮೇಲೆ ಮೊದಲು ಓದಿದ ಪುಟಗಳೇ ಪುನಃ ಬಂದವು. ತೊಂಬತ್ತೇಳರಲ್ಲಿ ನೋಡಿದರೆ ಅಜ್ಜಿಯ ಬೊಜ್ಜವೇ ಮುಗಿದಿದೆ.’ ನಾನು ಪುಸ್ತಕವನ್ನು ತೆರೆದು ನೋಡಿದೆನು. 65ರಿಂದ 80ರವರೆಗಿನ ಫಾರಂ ಎರಡು ಸಲ ಸೇರಿತ್ತು. 81ರಿಂದ 96ರವರೆಗಿನದು ಇರಲೇ ಇಲ್ಲ. ಹದಿನಾರು ಪುಟಗಳು, ಕಾದಂಬರಿಯ ನಡುಮನೆಯಂತಹ ಹದಿನಾರು ಪುಟಗಳು, ಮಾಯವಾಗಿದ್ದವು. ಮನೆಗೆ ಹೋಗಿ ನನ್ನ ಪ್ರತಿಯನ್ನು ತೆಗೆದೆನು. ಅದರಲ್ಲಿಯೂ ಹಾಗೆಯೇ. ಎಲ್ಲಿಯೂ ಕಡಿಯದ ಎಳೆ ಎಂದು ನಾನು ಹೊಗಳಿದ್ದು ಇದನ್ನೇ.

ಮರುದಿನ ಭಾನುವಾರ. ನಾನು ಅವರ ಮನೆಗೆ ಹೋಗಿ ವಿಷಯವನ್ನು ತಿಳಿಸಿದೆನು. ಅವರು ಕಪಾಟಿನಿಂದ ನಾಲ್ಕು ಪ್ರತಿಗಳನ್ನು ತೆಗೆದು ಒಂದೊಂದಾಗಿ ಬಿಡಿಸಿ ನೋಡಿದರು. ನಾಲ್ಕರಲ್ಲಿಯೂ ಅದೇ ತಪ್ಪು. ಅಚ್ಚಾದ ಮೇಲೆ ತಮ್ಮ ಪುಸ್ತಕವನ್ನು ತಾವು ಪೂರ್ತಿ ಓದಿರಲಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬರೆದವನಿಗೆ ಪ್ರತಿ ಸಾಲೂ ಕಂಠಪಾಠವಾಗಿರುವುದರಿಂದ ಕಣ್ಣು ಪುಟದ ಮೇಲೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟು ಜನ ಮಾತನಾಡಿದಿರಲ್ಲ ಮಾಷ್ಟ್ರೇ’ ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದೆಯೆಂದು ಕಂಡವರು ಇನ್ನೊಮ್ಮೆ ಕೂಡಿ ನೋಡುವಂತಿತ್ತು ಆ ಮಾತು. ಬೈದಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ.

ಅಂದು ನನಗೆ ತಿಳಿದದ್ದು ಇಷ್ಟು. ಓದದೆ ಆಡಿದ ಹೊಗಳಿಕೆಯು ಕರುಣೆಯಲ್ಲ. ಅದು ಅತ್ಯಂತ ನಯವಾದ ತಿರಸ್ಕಾರ. ನಿಮ್ಮ ಪುಸ್ತಕದಲ್ಲಿ ಹದಿನಾರು ಪುಟಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ನಾವು ಐವರೂ ಸಭೆಯಲ್ಲಿ ನಿಂತು ಅವರಿಗೆ ಹೇಳಿದ್ದೆವು. ಕನ್ನಡದ ಮೇಲಣ ಅಭಿಮಾನವು ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗಿತ್ತು. ಭಾಷೆಯು ಉಳಿಯುವುದು ಪುಸ್ತಕಗಳು ಅಚ್ಚಾಗುವುದರಿಂದ ಮಾತ್ರವೇ ಆಗಿದ್ದರೆ ನಮಗೆ ಚಿಂತೆಯಿರಲಿಲ್ಲ. 1954ರ ಕೇಂದ್ರ ಶಾಸನದಂತೆ ಪ್ರಕಟವಾದ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಗಳ ಗ್ರಂಥಾಲಯಗಳಿಗೂ ಪ್ರಕಾಶಕನು ತನ್ನ ಖರ್ಚಿನಲ್ಲಿ ಕಳುಹಿಸತಕ್ಕದ್ದು. ತಾನೇ ಪ್ರಕಾಶಕನಾದ ಲೇಖಕನಿಗೂ ಇದು ಅನ್ವಯಿಸುತ್ತದೆ. ಶಾಸನವು ಪುಸ್ತಕವನ್ನು ಕಾಪಾಡಬಲ್ಲದು. ಓದಿಸುವ ಶಾಸನವನ್ನು ಯಾವ ಸರಕಾರವೂ ಮಾಡಲಾರದು. ಆ ಭಾಗವನ್ನು ಮನುಷ್ಯನ ಧರ್ಮಕ್ಕೆ ಬಿಡಲಾಗಿದೆ.

ಈ ಪಶ್ಚಾತ್ತಾಪವು ನನ್ನನ್ನು ಇನ್ನೊಂದು ತಪ್ಪಿಗೆ ಎಳೆಯಿತು. ಇನ್ನು ಮೇಲೆ ಸತ್ಯವನ್ನೇ ಹೇಳುವೆನೆಂದು ನಿಶ್ಚಯಿಸಿದವನಿಗೆ ಮೊದಲು ಸಿಕ್ಕಿದವನು ಆ ತರುಣ ಕವಿ. ಅವನ ಸಂಗ್ರಹವನ್ನು ನಾನು ನಿಜವಾಗಿ ಓದಿದೆನು. ಎರಡು ಸಲ ಓದಿದೆನು. ಐವತ್ತಕ್ಕೂ ಮಿಕ್ಕಿದ ಕವಿತೆಗಳಲ್ಲಿ ಹೆಚ್ಚಿನವು ಬೇರೆ ಕವಿಗಳ ದನಿಯ ಮಾರ್ಪೊಳಲಾಗಿದ್ದವು. ನಾಲ್ಕು ಮಾತ್ರ ಅವನವು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ ಎಂದು ಮೂರು ನಾಲಗೆಗಳಲ್ಲಿ ಬೆಳೆದ ಹುಡುಗನು ಅಮ್ಮನಿಗೆ ಕೆಲಸ ಸಿಗಲಿಲ್ಲವೆಂಬುದನ್ನು ಯಾವ ಭಾಷೆಯಲ್ಲಿ ಹೇಳಲಿ ಎಂದು ಯೋಚಿಸುವ ಕವಿತೆಯೊಂದು ಅವುಗಳಲ್ಲಿತ್ತು. ಇದನ್ನು ನಾನು ಅವನಿಗೆ ಹೇಳಬೇಕಾಗಿತ್ತು, ಹೇಳಿದೆನು. ಆದರೆ ಬಸ್ಸುನಿಲ್ದಾಣದಲ್ಲಿ, ಅವನ ಗೆಳೆಯರು ಇಬ್ಬರು ನಿಂತಿದ್ದಾಗ, ಬಸ್ಸು ಬರುವುದಕ್ಕೆ ಮೂರು ನಿಮಿಷಗಳಿದ್ದಾಗ ಹೇಳಿದೆನು. ‘ನಾಲ್ಕು ಬಿಟ್ಟು ಉಳಿದದ್ದೆಲ್ಲ ತೆಗೆದುಹಾಕಬಹುದಿತ್ತು’ ಎಂಬ ಮಾತು ಮೊದಲು ಬಾಯಿಂದ ಬಂತು. ಆ ನಾಲ್ಕು ಯಾವುವೆಂದು ಹೇಳುವಷ್ಟರಲ್ಲಿ ಬಸ್ಸು ಬಂದಿತು. ಅಂದಿನಿಂದ ಅವನು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ನಾನು ಬರೆದ ಪತ್ರಕ್ಕೆ ಉತ್ತರವಿಲ್ಲ. ನಾನು ಹೇಳಿದುದರಲ್ಲಿ ಸುಳ್ಳಿರಲಿಲ್ಲವೆಂಬ ಸಮಾಧಾನವು ಈ ನಷ್ಟಕ್ಕೆ ಸಾಲುವುದಿಲ್ಲ.

ಇಲ್ಲಿ ನಂಜನಗೂಡು ತಿರುಮಲಾಂಬಾ ಅವರ ಬಾಳನ್ನು ನೆನೆಯದೆ ವಿಧಿಯಿಲ್ಲ. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಬರವಣಿಗೆಯಿಂದ ಬದುಕನ್ನು ಕಟ್ಟಿಕೊಂಡವರು ಅವರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಮುಂದೆ ಅವರ ಲೇಖನಿ ನಿಂತಿತು. ಅವರು ಬದುಕಿದ್ದದ್ದು 1982ರವರೆಗೆ. ಹಲವು ದಶಕಗಳ ಮೌನ ಅದು. ಆ ಮೌನಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚಿರಬಹುದು. ಅವರ ಕೃತಿಯ ಮೇಲೆ ಬಂದ ಕಟುವಾದ ವಿಮರ್ಶೆಯೂ ಅವುಗಳಲ್ಲಿ ಒಂದೆಂದು ಅವರ ಬದುಕು ಬರಹಗಳನ್ನು ಅಭ್ಯಸಿಸಿದವರು ಹೇಳುತ್ತಾರೆ. ವಿಮರ್ಶಕನ ದೃಷ್ಟಿಯಿಂದ ಅದು ಸಾಹಿತ್ಯಕ್ಕೆ ಸಲ್ಲಿಸಿದ ಕರ್ತವ್ಯವೇ ಆಗಿದ್ದೀತು. ಆದರೆ ಅಕ್ಷರವನ್ನು ಕಷ್ಟಪಟ್ಟು ಗಳಿಸಿದವರಿಗೆ ಆಡುವ ಮಾತಿನ ತೂಕ ಬೇರೆ. ಹತ್ತು ಆಸರೆಗಳುಳ್ಳವನಿಗೆ ಗೀರಿದಂತಾಗುವ ಮಾತು ಒಂದೇ ಆಸರೆಯುಳ್ಳವರಿಗೆ ಕೊಡಲಿಯಾಗುತ್ತದೆ.

ಹಾಗಾದರೆ ಸುಳ್ಳೂ ಸಲ್ಲದು, ಸತ್ಯವೂ ಸಲ್ಲದು, ಅಧ್ಯಾಪಕನಾದವನು ಸುಮ್ಮನಿರಬೇಕೆ? ನನಗೆ ಉತ್ತರವು ಹೊಳೆದದ್ದು ನಮ್ಮ ದಿನದಿನದ ಕೆಲಸದಲ್ಲಿ, ಮಕ್ಕಳ ನೋಟುಪುಸ್ತಕಗಳನ್ನು ತಿದ್ದುವಾಗ. ಮಗುವು ಬರೆದ ಪ್ರಬಂಧವನ್ನು ಓದದೆ ಕೆಳಗೆ ‘ಚೆನ್ನಾಗಿದೆ’ ಎಂದು ಬರೆದು ರುಜು ಹಾಕುವ ಅಧ್ಯಾಪಕನನ್ನು ನಾವು ಒಳ್ಳೆಯವನೆನ್ನುವುದಿಲ್ಲ. ಪುಟದ ಮೇಲಿಂದ ಕೆಳಗೆ ಕೆಂಪು ಗೀಟನ್ನೆಳೆದು ಎಸೆಯುವವನನ್ನೂ ಒಳ್ಳೆಯವನೆನ್ನುವುದಿಲ್ಲ. ಸರಿಯಾಗಿ ತಿದ್ದುವವನು ಮಗುವನ್ನು ಹತ್ತಿರಕ್ಕೆ ಕರೆದು ಕೂರಿಸಿಕೊಳ್ಳುತ್ತಾನೆ. ಇಡೀ ಪುಟವನ್ನು ಓದಿರುತ್ತಾನೆ. ಇಂಥ ವಾಕ್ಯವು ಹೀಗಿದೆ, ಹೀಗಾದರೆ ಹೇಗೆ ಎಂದು ಬೆರಳಿಟ್ಟು ತೋರಿಸುತ್ತಾನೆ. ಅಳಿಸಿ ಬರೆಯುವ ಕೆಲಸವನ್ನು ಮಗುವಿಗೇ ಬಿಡುತ್ತಾನೆ. ತರಬೇತಿಯ ಕಾಲದಲ್ಲಿ ನಾವೆಲ್ಲ ಕಲಿತ ಪಾಠ ಇದು. ಐವತ್ತು ಅರುವತ್ತು ವಯಸ್ಸಿನ ಲೇಖಕರು ಮಕ್ಕಳಲ್ಲ, ನಾವು ಅವರ ಗುರುಗಳೂ ಅಲ್ಲ, ಸರಿಯಷ್ಟೆ. ಆದರೂ ತಿದ್ದುವುದರಲ್ಲಿರುವ ಕ್ರಮವು ಎರಡು ಕಡೆಯೂ ಒಂದೇ: ಮೊದಲು ಪೂರ್ತಿ ಓದು, ಬಳಿಕ ಏಕಾಂತ, ಬಳಿಕ ಬೆರಳಿಟ್ಟು ತೋರಿಸಬಲ್ಲ ಮಾತು.

ಆತ್ಮಕಥೆಯನ್ನು ಬರೆದ ತಾಯಿಯ ಮನೆಗೆ ನಾನು ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದೆನು. ಅವರ ಪುಸ್ತಕವು ದೊಡ್ಡದಲ್ಲ. ಅದರಲ್ಲಿ ಬೀಡಿಯ ಎಲೆಯನ್ನು ನೀರಿನಲ್ಲಿ ನೆನೆಸಿ ಹದಮಾಡುವುದು, ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಮಗುವಿಗೆ ಕಾಲಿನಿಂದ ತೊಟ್ಟಿಲು ತೂಗುವುದು, ಸಾವಿರ ಬೀಡಿಗೆ ಇಷ್ಟೆಂಬ ಕೂಲಿಯಲ್ಲಿ ಸರಿಯಿಲ್ಲವೆಂದು ತಿರಸ್ಕೃತವಾದವನ್ನು ಕಳೆದು ಉಳಿದುದನ್ನು ಎಣಿಸುವುದು, ಇವುಗಳನ್ನು ವರ್ಣಿಸುವ ಅಧ್ಯಾಯವೊಂದಿದೆ. ಅಂತಹ ಕನ್ನಡವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಕಂಡಿಲ್ಲ. ಇದನ್ನು ಮೊದಲು ಹೇಳಿದೆನು, ಪುಟವನ್ನು ತೆರೆದು ತೋರಿಸಿ ಹೇಳಿದೆನು. ಆಮೇಲೆ ಇನ್ನೊಂದು ಅಧ್ಯಾಯವನ್ನು ತೆರೆದೆನು. ಅದರಲ್ಲಿ ನೆರೆಮನೆಯ ಹೆಂಗಸೊಬ್ಬಳ ಸಂಸಾರದ ದುಃಖವನ್ನು ಹೆಸರು ಸಹಿತ ಬರೆದಿದ್ದರು. ‘ಅಕ್ಕಾ, ಇದು ನಡೆದದ್ದು ನಿಜವೇ ಇರಬಹುದು. ಆದರೆ ಇದು ನಿಮ್ಮ ಕಥೆಯಲ್ಲವಲ್ಲ’ ಎಂದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ‘ಬರೆಯುವಾಗ ಅವಳಿಗೆ ನ್ಯಾಯ ಸಿಗಲಿ ಅಂತ ಬರೆದೆ ಮಾಷ್ಟ್ರೇ. ಅವಳನ್ನು ಕೇಳಬೇಕು ಅಂತ ತೋರಲಿಲ್ಲ. ಅಚ್ಚು ಮಾಡುವ ಮೊದಲು ಯಾರಾದರೂ ಹೇಳಬಹುದಿತ್ತು’ ಎಂದರು. ಉಳಿದ ಪ್ರತಿಗಳನ್ನು ಅವರು ಈಗ ಯಾರಿಗೂ ಕೊಡುತ್ತಿಲ್ಲ; ಆ ಅಧ್ಯಾಯವನ್ನು ಬಿಟ್ಟು ಮತ್ತೊಮ್ಮೆ ಅಚ್ಚುಮಾಡಿಸಲು ಹಣವನ್ನು ಕೂಡಿಹಾಕುತ್ತಿದ್ದಾರೆ.

ಅಚ್ಚು ಮಾಡುವ ಮೊದಲು ಯಾರಾದರೂ ಹೇಳಬಹುದಿತ್ತು. ಈ ಒಂದು ಮಾತಿನಲ್ಲಿ ನಮ್ಮೆಲ್ಲರ ಮೇಲಣ ಆರೋಪಪಟ್ಟಿ ಅಡಗಿದೆ. ಕಾದಂಬರಿಕಾರನಿಗೆ ಕಥೆಯ ಎಳೆ ಎಲ್ಲಿ ಕಡಿದಿದೆಯೆಂದು, ಆತ್ಮಕಥೆಯನ್ನು ಬರೆದವರಿಗೆ ಅವರ ಸತ್ಯವು ಎಲ್ಲಿ ಪರರ ಅಂಗಳವನ್ನು ಹೊಕ್ಕಿದೆಯೆಂದು, ಕವಿಗೆ ಅವನ ದನಿ ಎಲ್ಲಿ ಅವನದಲ್ಲವೆಂದು, ಹಸ್ತಪ್ರತಿಯಲ್ಲಿರುವಾಗ ಹೇಳಿದರೆ ಅದು ನೆರವು. ಬಿಡುಗಡೆಯಾದ ಮೇಲೆ ಹೇಳಿದರೆ ತೀರ್ಪು. ಅದೇ ಸತ್ಯ, ಅದೇ ಮಾತು. ಹೊತ್ತು ಮಾತ್ರ ಬೇರೆ. ಬಿತ್ತುವ ಮೊದಲು ಬೀಜವನ್ನು ನೋಡದವನು ಕುಯ್ಲಿನಲ್ಲಿ ಪೈರನ್ನು ನಿಂದಿಸಬಾರದು.

ದೋಷವನ್ನು ಎತ್ತಿ ಆಡುವುದು ಕನ್ನಡಕ್ಕೆ ದ್ರೋಹವೆಂದು ತಿಳಿಯುವವರಿಗೆ ಎರಡು ಸಂಗತಿಗಳನ್ನು ನೆನಪಿಸಬಯಸುತ್ತೇನೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊತ್ತಮೊದಲಿನದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಹೆಮ್ಮೆಯಿಂದ ಹೇಳಿದ ಆ ಗ್ರಂಥವೇ ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ವಿವೇಚನೆಗೆ ಮೀಸಲಿಟ್ಟಿದೆ. ನಾಡಿನ ಅಭಿಮಾನವೂ ಬರಹದ ದೋಷವಿಚಾರವೂ ಅಲ್ಲಿ ಒಂದೇ ಹೊದಿಕೆಯೊಳಗೆ ಇವೆ. ಇನ್ನೊಂದು ನಮ್ಮ ಮಂಜೇಶ್ವರದ್ದೇ. ಗೋವಿಂದ ಪೈಗಳು 1911ರ ಸುಮಾರಿಗೆ, ಸಾವಿರ ವರ್ಷಗಳಿಂದ ನಡೆದುಬಂದ ಆದಿಪ್ರಾಸದ ನಿಯಮವನ್ನು ತೊರೆದು ಪದ್ಯವನ್ನು ಬರೆದರು. ವಾದವಿವಾದಗಳು ನಡೆದವು. ಆ ವಾದದಿಂದ ಪೈಗಳೂ ಸಣ್ಣವರಾಗಲಿಲ್ಲ, ಕನ್ನಡವೂ ಬಡವಾಗಲಿಲ್ಲ. ಹೊಸ ಕವಿತೆಗೆ ದಾರಿಯಾಯಿತು. ಗಡಿಯಲ್ಲಿರುವ ನಮಗೆ ಮಾತ್ರ ಅಳತೆಗೋಲು ಚಿಕ್ಕದಿರಲಿ ಎಂದು ಅವರೂ ಕೇಳಲಿಲ್ಲ, ಕಯ್ಯಾರ ಕಿಞ್ಞಣ್ಣ ರೈಗಳೂ ಕೇಳಲಿಲ್ಲ. ನಾವೇಕೆ ಕೇಳಬೇಕು?

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ಬಿನ್ನಹವುಂಟು. ಬಿಡುಗಡೆಯ ಸಮಾರಂಭಗಳಿಗೆ ನಾವು ಸಲ್ಲಿಸುವ ಶ್ರಮದಲ್ಲಿ ಅರ್ಧವನ್ನು ಹಸ್ತಪ್ರತಿಗಳ ಓದಿಗೆ ಸಲ್ಲಿಸೋಣ. ತಿಂಗಳಿಗೆ ಒಂದು ದಿನ, ಮೂವರೋ ನಾಲ್ವರೋ ಕೂತು, ಅಚ್ಚಿಗೆ ಹೊರಟವರ ಬರಹವನ್ನು ಅವರ ಮುಂದೆಯೇ ಓದೋಣ. ಹಾರವಿಲ್ಲ, ಧ್ವನಿವರ್ಧಕವಿಲ್ಲ; ಒಂದು ಪೆನ್ಸಿಲ್ ಸಾಕು. ವಿದ್ಯಾರ್ಥಿಗಳನ್ನೂ ಕರೆಯೋಣ. ಅವರನ್ನು ಕರೆಯಬೇಕೆಂದು ಏಕೆ ಹೇಳುತ್ತೇನೆಂಬುದಕ್ಕೆ ಆ ಕಾದಂಬರಿಯ ಉಳಿದ ಕಥೆಯೇ ಸಾಕ್ಷಿ.

ಅಂದು ಭಾನುವಾರ ನಾನು ಹೊರಡುವಾಗ ಮುಖ್ಯೋಪಾಧ್ಯಾಯರು ಕೇಳಿದ್ದು ಒಂದೇ: ‘ಆ ಮಗು ಅಲ್ಲಿಗೇ ನಿಲ್ಲಿಸಿತೋ, ಮುಂದೆ ಓದಿತೋ?’ ಓದಿ ಮುಗಿಸಿದ್ದಾಳೆಂದು ಹೇಳಿದೆನು. ನಾಲ್ಕು ದಿವಸಗಳ ಮೇಲೆ ಅವರು ಶಾಲೆಗೆ ಬಂದರು. ಕಾಣೆಯಾದ ಹದಿನಾರು ಪುಟಗಳನ್ನು ಗೆರೆಯ ಕಾಗದದ ಮೇಲೆ, ಹಿಂದೆ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಕ್ಷರಗಳಲ್ಲಿ, ಕೈಯಾರೆ ನಕಲು ಮಾಡಿ ತಂದಿದ್ದರು. ಹುಡುಗಿಯು ಅದನ್ನು ಮನೆಗೆ ಒಯ್ದು ಓದಿದಳು. ಹೇಗಿದೆಯೆಂದು ಅವರೇ ಕೇಳಿದಾಗ ಮೊದಲು ನಾಚಿದಳು. ಬಳಿಕ ಹೇಳಿದಳು: ‘ಅಜ್ಜಿ ತೀರಿಕೊಳ್ಳುವುದು ಚೆಂದ ಬರೆದಿದ್ದೀರಿ ಸರ್. ಆದರೆ ಮೊಮ್ಮಗ ಅಷ್ಟು ಜೋರಾಗಿ ಅಳುವುದು ಬೇಡಿತ್ತು. ನಮ್ಮ ಅಜ್ಜಿ ಹೋದಾಗ ಅಣ್ಣ ಅಳಲಿಲ್ಲ. ಎದ್ದು ಹೋಗಿ ದನಗಳಿಗೆ ನೀರಿಟ್ಟ.’

ಅವರು ಕಿಸೆಯಿಂದ ಪೆನ್ಸಿಲ್ಲನ್ನು ತೆಗೆದು ಆ ಕಾಗದದ ಅಂಚಿನಲ್ಲಿ ಏನನ್ನೋ ಬರೆದುಕೊಂಡರು. ನನ್ನ ಹದಿನೈದು ನಿಮಿಷದ ಭಾಷಣದಲ್ಲಿ ಬರೆದುಕೊಳ್ಳಬೇಕಾದ ಒಂದು ಮಾತೂ ಅವರಿಗೆ ಸಿಕ್ಕಿರಲಿಲ್ಲ. ಗೌರವಪ್ರತಿಯ ಋಣವನ್ನು ತೀರಿಸುವ ಬಗೆ ಹೇಗೆಂದು ನಾನು ಕಲಿತದ್ದು ಗೌರವಪ್ರತಿಯನ್ನು ಪಡೆಯದ ಆ ಮಗುವಿನಿಂದ.